ಓಡದೆ ನಿಂತ ಆ ಸಂಜೆ

ಗೋವಾದಿಂದ ನಸುಕಿನಲ್ಲೇ ಕಾರು ಬಿಟ್ಟಿದ್ದ ಯುವರಾಜ ಬ್ಯಾಡಗಿಯ ತನ್ನ ಮನೆಯ ಮುಂದೆ ಇಳಿದಾಗ ಹನ್ನೊಂದು ಗಂಟೆ. ಬಾಗಿಲಿಗೆ ಬೀಗ ಹಾಕಿತ್ತು. ಬರುತ್ತೇನೆಂದು ಅವನು ಫೋನು ಮಾಡಿರಲಿಲ್ಲ. ತಂಗಿ ಅಂಜಲಿ ಹಾವೇರಿಯ ಬ್ಯಾಂಕೊಂದರಲ್ಲಿ ಕೆಲಸಕ್ಕಿದ್ದಳು, ಬರುವುದು ಸಂಜೆಯ ಬಸ್ಸಿಗೇ. ಆದರೆ ಅವ್ವ ಈ ಬಿಸಿಲಲ್ಲಿ ಎಲ್ಲಿಗೆ ಹೋದಳು?

ಎದುರು ಮನೆಯ ಜೈತೂನಬಿ ಕಟ್ಟೆಯ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದಳು.

"ಯಾವಾಗ ಬಂದೀಪಾ ಯುವರಾಜಾ?"

"ಈಗ ಬಂದೆ ಚಾಚಿ. ಅವ್ವ ಎಲ್ಲಿ ಹೋಗ್ಯಾಳ್ರಿ?"

ಜೈತೂನಬಿ ಮೊರದ ಕಡೆಗೆ ಮುಖ ತಗ್ಗಿಸಿದಳು. "ಕೆಲಸಕ್ಕ ಹೋಗ್ಯಾಳಪಾ."

"ಯಾವ ಕೆಲಸಕ್ಕ?"

"ಮತ್ಯಾವುದು? ಮೆಣಸಿನಕಾಯಿಗೆ."

ತಾನು ಕೇಳಿದ್ದು ಸರಿಯೇ ಎಂದು ಯುವರಾಜನಿಗೆ ಅನುಮಾನವಾಯಿತು.

ಅವನ ಅಪ್ಪ ತೀರಿಕೊಂಡಾಗ ಅವನಿಗೆ ಒಂಬತ್ತು ವರ್ಷ. ಅಂದಿನಿಂದ ಅವ್ವ ಮಂಗಳವ್ವ ಮಾರುಕಟ್ಟೆಯ ಹಿಂದಿನ ಗೋದಾಮುಗಳಲ್ಲಿ ಒಣಮೆಣಸಿನಕಾಯಿಯ ತೊಟ್ಟು ಬಿಡಿಸಿ ಇಬ್ಬರು ಮಕ್ಕಳನ್ನು ಸಾಕಿದವಳು. ಸಂಜೆ ಬಂದಾಗ ಅವಳ ಬೆರಳುಗಳು ಉರಿಯುತ್ತಿದ್ದವು. ಮಕ್ಕಳ ಮುಖ ಒರೆಸಬೇಕಾದರೆ ಬೆರಳು ತಾಗಿಸದೆ ಮೊಣಕೈಯಿಂದ ಒರೆಸುತ್ತಿದ್ದಳು. ಆ ಉರಿ ಬಿಡಿಸಬೇಕೆಂದೇ ಯುವರಾಜ ಫುಟ್‌ಬಾಲ್ ಚೆಂಡಿನ ಹಿಂದೆ ಓಡಿದ್ದು. ಹತ್ತೊಂಬತ್ತನೇ ವಯಸ್ಸಿಗೆ ಮೊದಲ ಕಾಂಟ್ರಾಕ್ಟು, ತಿಂಗಳಿಗೆ ಹದಿನೈದು ಸಾವಿರ. ಆಮೇಲೆ ಲೀಗಿಗೆ ಟಿವಿ ಬಂತು, ಜಾಹೀರಾತು ಬಂತು, ಕ್ಲಬ್ಬುಗಳು ಒಂದರ ಮೇಲೊಂದು ಬೆಲೆ ಏರಿಸಿದವು. ಒಂಬತ್ತು ವರ್ಷದಲ್ಲಿ ಅವನ ಸಂಬಳ ವರ್ಷಕ್ಕೆ ಅರವತ್ತು ಲಕ್ಷಕ್ಕೆ ಹೋಗಿ ನಿಂತಿತ್ತು. ಮನೆ ಕಟ್ಟಿಸಿದ, ಅವ್ವನ ಕಣ್ಣಿನ ಪೊರೆ ತೆಗೆಸಿದ, ಅಂಜಲಿಯನ್ನು ಓದಿಸಿದ. ನಾಲ್ಕು ವರ್ಷದ ಹಿಂದೆ ಒಂದು ದಿನ ಗೋದಾಮಿಗೇ ಹೋಗಿ ಅವ್ವನ ಕೈ ಹಿಡಿದು ಎಬ್ಬಿಸಿಕೊಂಡು ಬಂದಿದ್ದ. "ಇನ್ನ ನೀ ಕೈಯಾಗ ಮೆಣಸಿನಕಾಯಿ ಹಿಡಿಯೂದು ಅಡಿಗಿಗೆ ಅಷ್ಟ" ಅಂದಿದ್ದ. ಟಿವಿಯವರು ಕೇಳಿದಾಗಲೆಲ್ಲ ಇದನ್ನೇ ಹೇಳುತ್ತಿದ್ದ.

ಕಾರನ್ನು ಅಲ್ಲೇ ಬಿಟ್ಟು ನಡೆದುಕೊಂಡೇ ಗೋದಾಮಿಗೆ ಹೋದ. ತಗಡಿನ ಛಾವಣಿಯ ಕೆಳಗೆ ಕೆಂಪು ರಾಶಿಗಳು, ಅವುಗಳ ಸುತ್ತ ಮೂಗಿಗೆ ಸೆರಗು ಕಟ್ಟಿಕೊಂಡ ಹತ್ತು ಹದಿನೈದು ಹೆಂಗಸರು. ಒಳಗೆ ಕಾಲಿಟ್ಟೊಡನೆ ಅವನಿಗೆ ಸೀನು ಬಂತು. ಯಾರೋ ಏನೋ ಅಂದರು, ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ಮಂಗಳವ್ವ. ಹಾಗೆ ತಲೆ ಹಿಂದಕ್ಕೆ ಚೆಲ್ಲಿ ನಗುವ ಅವ್ವನನ್ನು ಅವನು ಮನೆಯಲ್ಲಿ ನೋಡಿಯೇ ಇರಲಿಲ್ಲ.

"ಅವ್ವಾ!"

ನಗು ನಿಂತಿತು.

"ಏನಿದು? ನಾ ಕಳಸೂದು ಸಾಲವಲ್ದೇನು ನಿನಗ? ಊರಾಗ ನನ್ನ ಮಾನ ಕಳೀಬೇಕಂತ ಮಾಡೀಯೇನು?"

ಮಂಗಳವ್ವ ಮಡಿಲಲ್ಲಿದ್ದ ಕಾಯಿಗಳನ್ನು ರಾಶಿಗೆ ಹಾಕಿ ಎದ್ದಳು, ಕೊಡದ ನೀರಲ್ಲಿ ಕೈ ತೊಳೆದಳು, ಪಕ್ಕದವಳಿಗೆ "ನನ್ನ ಬುಟ್ಟಿ ನೋಡವಾ" ಅಂದಳು. ಮನೆಗೆ ಬಂದು ಅವಳು ರೊಟ್ಟಿ ತಟ್ಟಲು ಕೂತಳು, ಅವನು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತ. ಒಲೆಯ ಕಡೆ ನೋಡುತ್ತಲೇ ಅವಳು ಮಾತು ತೆಗೆದಳು.

"ನಾ ದುಡ್ಡಿಗೆ ಹೋಗೂದಿಲ್ಲೋ ಯುವರಾಜ."

"ಮತ್ಯಾಕ?"

"ಎರಡು ವರ್ಷ ಮನ್ಯಾಗ ಕುಂತೆ. ಅಂಜಲಿ ಎಂಟಕ್ಕ ಹೋಗತಾಳ. ಆಮ್ಯಾಲ ನಾ ಏನ್ ಮಾಡ್ಲಿ ಹೇಳು? ಟಿವಿ ನೋಡ್ಲಿ? ನೋಡಿದೆ. ಹದಿನೈದು ವರ್ಷ ಮಾಡಿದ ಕೆಲಸದು. ಯಾವ ಕಾಯಿ ಹೆಂಗ ಹಿಡೀಬೇಕು ನನ್ನ ಬೆರಳಿಗೆ ಗೊತ್ತೈತಿ. ಹೊಸದಾಗಿ ಬಂದಾವರು ನನ್ನ ಕೇಳತಾರ. ಅಲ್ಲಿ ನಾ ಯಾರ ಅವ್ವನೂ ಅಲ್ಲ, ಮಂಗಳವ್ವ ಅಷ್ಟ. ಆವಾಗ ನಿಮ್ಮ ಹೊಟ್ಟಿ ಸಲುವಾಗಿ ಹೋಗ್ತಿದ್ದೆ, ಖರೇ. ಈಗ ಬ್ಯಾಸರಾದ ದಿನ ಹೋಗೂದಿಲ್ಲ, ಹೋಗಬೇಕನ್ನಿಸಿದ ದಿನ ಹೋಗತೇನಿ. ಅದೂ ನೀ ಕಳಿಸಿದ ದುಡ್ಡಿನಿಂದನ ಆತಲ್ಲ?"

ಅವಳು ರೊಟ್ಟಿ ಮಗುಚಿ ಹಾಕಿ ಅವನನ್ನು ನೋಡಿದಳು.

"ನನ್ನ ಬಿಡು. ನಿನಗೇನಾಗೇತಿ?"

"ಏನಾಗೇತಿ? ಏನಿಲ್ಲ."

"ನನಗ ನಿನ್ನ ಆಟ ತಿಳಿಯೂದಿಲ್ಲ. ಆದ್ರ ನಿನ್ನ ಒಬ್ಬಾಂವನ್ನ ನೋಡ್ಕೋಂತ ಕುಂದರತೇನಿ. ಮೊದಲ ಚೆಂಡು ಕಳಕೊಂಡ್ರ ಹುಚ್ಚನಂಗ ಹಿಂದ ಓಡ್ತಿದ್ದಿ. ಈಗ ಸೊಂಟದ ಮ್ಯಾಲ ಕೈ ಇಟ್ಟು ನಿಂದರತಿ. ಕಾಲು ನೋವೈತೇನು ಅಂತ ನಾ ಅಂಜಲೀನ್ನ ಕೇಳಿದ್ದೆ."

"ಕಾಲು ಆರಾಮೈತಿ" ಅಂದ ಯುವರಾಜ. ಅವನ ದನಿ ಅವನಿಗೇ ಬೇರೆಯವರದಂತೆ ಕೇಳಿಸಿತು.

ಕಾಲು ಆರಾಮಾಗಿಯೇ ಇತ್ತು. ಏನು ಕೆಟ್ಟಿತ್ತೆಂಬುದು ಅವನಿಗೆ ಗೊತ್ತಿದ್ದೂ ಯಾರಿಗೂ ಹೇಳಿರಲಿಲ್ಲ. ಮೊದಲು ಹಾಸ್ಟೆಲಿನ ಒಂದು ಕೋಣೆಯಲ್ಲಿ ಎಂಟು ಜನ ಮಲಗುತ್ತಿದ್ದಾಗ ಮಾತೆಲ್ಲ ಆಟದ್ದೇ. ಈಗ ಡ್ರೆಸ್ಸಿಂಗ್ ರೂಮಿನಲ್ಲಿ ಮಾತು ಏಜೆಂಟರದು, ಕಾರಿನದು, ಮುಂದಿನ ಕಾಂಟ್ರಾಕ್ಟಿನದು. ಅವರು ಕೆಟ್ಟವರೇನಲ್ಲ. ಹತ್ತು ಹನ್ನೆರಡು ವರ್ಷದ ದುಡಿಮೆ, ಒಂದು ಮೊಣಕಾಲು ಹೋದರೆ ಎಲ್ಲ ಮುಗಿಯಿತು. ಅದಕ್ಕೇ ಕಾಂಟ್ರಾಕ್ಟಿನ ಕೊನೆಯ ವರ್ಷ ಯಾರೂ ಗಟ್ಟಿಯಾಗಿ ಕಾಲು ಹಾಕುತ್ತಿರಲಿಲ್ಲ. ಯುವರಾಜನೂ ಅವರಲ್ಲೊಬ್ಬನಾಗಿದ್ದ. ಅವನದು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿತ್ತು. ಅವ್ವನನ್ನು ಗೋದಾಮಿನಿಂದ ಎಬ್ಬಿಸಿಕೊಂಡು ಬಂದ ದಿನವೇ ಅವನ ಓಟದ ಕಾರಣ ತೀರಿಹೋಗಿತ್ತು. ಆಮೇಲೆ ಓಡಿದ್ದೆಲ್ಲ ಬರೀ ರೂಢಿ.

ಗೋವಾದ ಕಾಂಟ್ರಾಕ್ಟು ಮುಗಿದಿತ್ತು, ಈಗ ಅವನ ಮುಂದೆ ಎರಡು ಕರೆಗಳಿದ್ದವು. ಮುಂಬಯಿಯ ದೊಡ್ಡ ಕ್ಲಬ್ಬೊಂದು ಹೆಚ್ಚು ಸಂಬಳಕ್ಕೆ ಎರಡು ವರ್ಷಕ್ಕೆ ಕೇಳಿತ್ತು, ಆದರೆ ಹೆಚ್ಚಾಗಿ ಬದಲಿ ಆಟಗಾರನಾಗಿ ಬೆಂಚಿನ ಮೇಲೆ ಕೂರಬೇಕು. ಇನ್ನೊಂದು ಕೇರಳದ ಸಣ್ಣ ಕ್ಲಬ್ಬು. ಅವನ ಹಳೆಯ ಕೋಚು ಈಗ ಅಲ್ಲಿದ್ದ. ಸಂಬಳ ಈಗಿನದರ ಮೂರನೇ ಒಂದು ಪಾಲು, ಆದರೆ ಎಲ್ಲ ಪಂದ್ಯವೂ ಆಡಬೇಕು. ಶುಕ್ರವಾರದೊಳಗೆ ಉತ್ತರ ಕೊಡು ಎಂದು ಏಜೆಂಟ್ ಹೇಳಿದ್ದ. "ಕೂತು ತಿನ್ನೋದಕ್ಕೆ ದುಡ್ಡು ಕೊಡ್ತಾರೆ, ಇದರಲ್ಲಿ ಯೋಚನೆ ಮಾಡೋದೇನಿದೆ?" ಅಂದೂ ಅಂದಿದ್ದ.

ಮರುದಿನ ಬೆಳಿಗ್ಗೆ ಯುವರಾಜ ರಾಣೆಬೆನ್ನೂರಿಗೆ ಹೋದ. ಅವನಿಗೆ ಚಿಕ್ಕಂದಿನಲ್ಲಿ ಆಟ ಕಲಿಸಿದ ರಹಿಮಾನಸಾಬ ಅಲ್ಲಿದ್ದರು. ವಯಸ್ಸು ಎಪ್ಪತ್ತರ ಹತ್ತಿರ. ಹಿಂದೊಮ್ಮೆ ಈ ಭಾಗದ ಒಂದು ನೂಲಿನ ಗಿರಣಿಯ ತಂಡಕ್ಕೆ ಗೋಲ್‌ಕೀಪರ್ ಆಗಿದ್ದವರು. ಗಿರಣಿ ಮುಚ್ಚಿ ಎಷ್ಟೋ ಕಾಲವಾಗಿತ್ತು. ಅವರು ಮಾತ್ರ ದಿನಾ ಬೆಳಿಗ್ಗೆ ಮೈದಾನಕ್ಕೆ ಬಂದು ನಾಲ್ಕು ಸುತ್ತು ನಡೆದು, ಗೋಲಿನ ಕಂಬಕ್ಕೆ ಬೆನ್ನು ಕೊಟ್ಟು ಕೂರುತ್ತಿದ್ದರು.

"ಬಾ, ಕುಂದ್ರು" ಅಂದರು, ನಿನ್ನೆಯಷ್ಟೇ ನೋಡಿದವರ ಹಾಗೆ.

ಯುವರಾಜ ಎರಡು ಕರೆಗಳ ಸುದ್ದಿ ಹೇಳಿದ. ಆಮೇಲೆ, "ಸರ್, ನನಗ ಓಡಬೇಕನ್ನಿಸವಲ್ದು. ದುಡ್ಡು ಬಂದು ನಾವೆಲ್ಲಾ ಹಾಳಾದಿವೇನೋ ಅನಸ್ತೈತ್ರಿ. ನಿಮ್ಮ ಕಾಲದಾಗ ನೀವು ಪ್ರೀತಿಗೆ ಆಡಿದ್ರಿ" ಅಂದ.

ರಹಿಮಾನಸಾಬರು ಜೋರಾಗಿ ನಕ್ಕರು. ನಗು ಕೆಮ್ಮಾಯಿತು.

"ಪ್ರೀತಿಗೆ ಅಂತ ಯಾರ್ ಹೇಳಿದ್ರಲೇ ನಿನಗ? ನಾವು ಪರ್ಮನೆಂಟ್ ಆಗೂ ಸಲುವಾಗಿ ಆಡಿದ್ವಿ. ಬದಲಿ ಕಾರ್ಮಿಕರು ನಾವು. ಇವತ್ತು ಕೆಲಸೈತಿ, ನಾಳೆ ಇಲ್ಲ. ಚೊಲೋ ಆಡಿದಾಂವಗ ನೌಕರಿ ಪಕ್ಕಾ ಮಾಡ್ತಿದ್ರು. ಆ ನೌಕರಿ ಸಲುವಾಗಿ ನಾ ಕಲ್ಲಿನ ನೆಲದ ಮ್ಯಾಲ ಬಿದ್ದು ಬಿದ್ದು ಚೆಂಡು ಹಿಡೀತಿದ್ದೆ. ನೋಡಿಲ್ಲಿ." ಅಂಗಿಯ ತೋಳು ಮೇಲೆತ್ತಿ ಮೊಣಕೈಯ ಹಳೆಯ ಕಲೆ ತೋರಿಸಿದರು.

"ಆಮ್ಯಾಲ ಪರ್ಮನೆಂಟ್ ಆದೆ. ಮರು ವರ್ಷ ನನಗೂ ಹಿಂಗ ಆತು."

"ನಿಮಗ?"

"ಮತ್ತ? ನಾ ಏನ್ ಬ್ಯಾರೆ ಮಣ್ಣಿನಾಗ ಹುಟ್ಟೇನೇನು? ದಾವಣಗೇರ್ಯಾಗ ಫೈನಲ್ ಇತ್ತು. ನನ್ನ ಮುಂದ ಹೇಮಪ್ಪ ಅಂತ ಬ್ಯಾಕ್ ಆಡ್ತಿದ್ದ, ಹೊಸರಿತ್ತಿ ಕಡೆಯಾಂವ. ಇನ್ನೂ ಬದಲಿನ ಇದ್ದ. ಈ ಮ್ಯಾಚ್ ಗೆದ್ರ ಅವಂದು ಪಕ್ಕಾ ಆಗತೈತಿ ಅಂತ ಎಲ್ಲಾರಿಗೂ ಗೊತ್ತಿತ್ತು. ಕಡೀ ಹತ್ತು ನಿಮಿಷ ಇದ್ದಾಗ ದೂರದಿಂದ ಒಂದು ಚೆಂಡು ಬಂತು. ಕೆಳಗ, ಕಂಬದ ಹತ್ರ. ಬಿದ್ದಿದ್ರ ಸಿಗ್ತಿತ್ತು. ನಾ ಬೀಳಲಿಲ್ಲ. ಒಂದು ಹೆಜ್ಜಿ ಹಾಕಿ ಕೈ ಚಾಚಿದಂಗ ಮಾಡಿ ಬಿಟ್ಟೆ."

ರಹಿಮಾನಸಾಬರು ಮೈದಾನದ ಆಚೆಗಿನ ರಸ್ತೆಯನ್ನು ನೋಡುತ್ತ ಕೂತರು.

"ಹೇಮಪ್ಪನ ಮೈಗೆ ತಾಗಿ ದಿಕ್ಕು ಬದಲಾತು ಅಂದ್ರು ಮಂದಿ. ನಾನೂ ಹೌದಂದೆ. ಅಂವ ಒಂದು ಮಾತು ಆಡಲಿಲ್ಲ. ಪಕ್ಕಾನೂ ಆಗಲಿಲ್ಲ. ಎರಡು ವರ್ಷ ನೋಡಿ ಊರಿಗೆ ಹೋದ. ಖರೇ ಹೇಳೂಣು, ಮುಂದಿನ ವಾರ ಹೇಳೂಣು ಅಂತ ನಾ ದಿನ ದೂಡಿದೆ. ಒಂದು ದಿನ ಹೊಸರಿತ್ತಿಗೆ ಹೋದೆ. ಅಂವ ತೀರಿಕೊಂಡು ಆರು ತಿಂಗಳಾಗಿತ್ತು."

ಅವರು ಮುಖ ತಿರುಗಿಸಿ ಅವನನ್ನೇ ನೋಡಿದರು.

"ದುಡ್ಡು ಬ್ಯಾಡ ಅನಬ್ಯಾಡ. ದುಡ್ಡು ಬೇಕು. ನಮಗ ಸಿಗಲಿಲ್ಲ, ನಿಮಗ ಸಿಕ್ಕೈತಿ, ನನಗ ಸಂತೋಷೈತಿ. ಆದ್ರ ಹೊಟ್ಟಿ ತುಂಬಿದಾಂವ ಬಾಜೂ ಇದ್ದಾಂವನ್ನ ನೋಡಬೇಕು. ಅವಂದು ಇನ್ನೂ ತುಂಬಿರೂದಿಲ್ಲ."

ತಾನೂ ಹಾಗೇ ಮಾಡಿದ್ದು ಅವರಿಗೆ ಗೊತ್ತಿತ್ತೋ ಇಲ್ಲವೋ, ಯುವರಾಜ ಕೇಳಲಿಲ್ಲ. ಅವನ ಪಕ್ಕದಲ್ಲಿ ಆಡಿದವನು ಮುಸ್ತಾಕ್. ಹಾವೇರಿಯವನು, ಇಪ್ಪತ್ತೆರಡು ವರ್ಷ, ಗೋವಾ ತಂಡದ ಬಲಗಡೆ ಕಾಯುವ ರೈಟ್ ಬ್ಯಾಕ್, ಎಲ್ಲರಿಗಿಂತ ಕಡಿಮೆ ಸಂಬಳದವನು. ಮಾರ್ಚಿನ ಒಂದು ಸಂಜೆ, ಲೀಗಿನ ಕೊನೆಯ ಪಂದ್ಯದಲ್ಲಿ, ಎಂಬತ್ತೆರಡನೇ ನಿಮಿಷದಲ್ಲಿ, ಯುವರಾಜನ ಕಾಲಿನಿಂದ ಚೆಂಡು ಹೋಯಿತು. ತಾನು ಹಿಡಿಯಬೇಕಾದ ಎದುರಾಳಿ ತನ್ನ ಮುಂದೆಯೇ ಓಡಿಹೋದ. ಯುವರಾಜ ಓಡಲಿಲ್ಲ. ಸೊಂಟದ ಮೇಲೆ ಕೈಯಿಟ್ಟು ನಿಂತ. ಅತ್ತ ಮುಸ್ತಾಕನ ಮೇಲೆ ಇಬ್ಬರು ಬಂದರು. ಅವನು ಒಬ್ಬನ ಕಡೆ ಹೊರಳಿ ಬಿದ್ದ, ಇನ್ನೊಬ್ಬ ಗೋಲು ಹೊಡೆದ. ತಂಡಕ್ಕೆ ಮುಂದಿನ ಸುತ್ತಿನ ಪ್ಲೇಆಫ್ ತಪ್ಪಿತು. ಮುಸ್ತಾಕ್ ನೆಲಕ್ಕೆ ಬಿದ್ದ ವಿಡಿಯೋ ತುಣುಕು ಲಕ್ಷಾಂತರ ಫೋನುಗಳಲ್ಲಿ ಓಡಾಡಿತು, ಯುವರಾಜ ನಿಂತದ್ದು ಆ ಚೌಕಟ್ಟಿನ ಹೊರಗಿತ್ತು. ಎರಡು ವಾರದಲ್ಲಿ ಕ್ಲಬ್ಬು ಮುಸ್ತಾಕನನ್ನು ಬಿಟ್ಟಿತು. ಯುವರಾಜ ಅವನಿಗೆ ಫೋನು ಸಹ ಮಾಡಿರಲಿಲ್ಲ.

ರಹಿಮಾನಸಾಬರ ಕಾಲು ಮುಟ್ಟಿ ನಮಸ್ಕಾರ ಮಾಡಿ ಅವನು ಎದ್ದ. ಬ್ಯಾಡಗಿಯ ತಿರುವು ಬಂದಾಗ ತಿರುಗಲಿಲ್ಲ. ನೇರ ಹಾವೇರಿಗೆ ಹೋದ.

ಮುಸ್ತಾಕನ ಮನೆ ಹಳೇ ಊರಿನ ಒಂದು ಓಣಿಯಲ್ಲಿತ್ತು. ಅವನ ತಾಯಿ ಬಿಸ್ಮಿಲ್ಲಾಬಿ ಏಲಕ್ಕಿ ಹಾರ ಪೋಣಿಸುವವಳು. ಸತ್ಕಾರಕ್ಕೆ, ಮದುವೆಗೆ ಊರೂರಿಂದ ಆ ಹಾರಗಳನ್ನು ಕೇಳಿಕೊಂಡು ಬರುತ್ತಿದ್ದರು. ಯುವರಾಜ ಹೊಸ್ತಿಲಲ್ಲಿ ನಿಂತಾಗ ಒಳಗೆಲ್ಲ ಏಲಕ್ಕಿಯ ಘಮ. ಮುಸ್ತಾಕ್ ಚಾಪೆಯ ಮೇಲೆ ಕಾಲು ಮಡಚಿ ಕೂತು ದೊಡ್ಡ ಕಾಯಿ ಬೇರೆ, ಸಣ್ಣ ಕಾಯಿ ಬೇರೆ ಮಾಡುತ್ತಿದ್ದ. ನೋಡಿದ, ಆದರೆ ಏಳಲಿಲ್ಲ. ಬಿಸ್ಮಿಲ್ಲಾಬಿಯೇ ಸಂಭ್ರಮಪಟ್ಟಳು.

"ಬರ್ರಿ ಬರ್ರಿ, ಒಳಗ ಬರ್ರಿ. ಮುಸ್ತಾಕ್, ಅಣ್ಣಾರು ಬಂದಾರಲ್ಲೋ! ಚಾ ಇಡತೇನಿ, ಕುಂದ್ರಿ" ಎಂದು ಒಳಕ್ಕೆ ಹೋದಳು.

ಯುವರಾಜ ಚಾಪೆಯ ತುದಿಗೆ ಕೂತ. ದಾರಿಯಲ್ಲಿ ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಹೋಗಿಬಿಟ್ಟಿದ್ದವು.

"ಮುಸ್ತಾಕ್, ಆ ಗೋಲು ನನ್ನ ತಪ್ಪು. ಅವನ್ನ ನಾ ಹಿಡೀಬೇಕಿತ್ತು. ನಾ ಓಡಲಿಲ್ಲ."

ಮುಸ್ತಾಕನ ಕೈ ಕಾಯಿಗಳ ಮೇಲೆ ನಿಂತಿತು.

"ಗೊತ್ತಿತ್ತಣ್ಣ."

"ಗೊತ್ತಿದ್ದೂ ಯಾಕ ಹೇಳಲಿಲ್ಲ?"

"ನಾ ಹೇಳಿದ್ರ ಯಾರ್ ಕೇಳ್ತಿದ್ರು? ನೀವು ಹೇಳತೀರಿ ಅಂತ ಕಾದೆ. ನಾಲ್ಕು ದಿನ ಕಾದೆ, ಹತ್ತು ದಿನ ಕಾದೆ. ಆಮ್ಯಾಲ ಸಿಟ್ಟು ಬಂದು ನಿಮ್ಮ ನಂಬರ್ ಅಳಿಸಿ ಹಾಕಿದೆ."

"ಚೊಲೋ ಮಾಡಿದಿ" ಅಂದ ಯುವರಾಜ. ಅವನ ಕಣ್ಣು ತುಂಬಿ ಬಂತು. ಮುಸ್ತಾಕ್ ಅದನ್ನು ನೋಡಿ ಗೊಂದಲಕ್ಕೆ ಬಿದ್ದ. ಸ್ವಲ್ಪ ಹೊತ್ತಿಗೆ ಯುವರಾಜನ ಕೈ ತಾನಾಗಿ ರಾಶಿಗೆ ಹೋಗಿ ಕಾಯಿ ಆರಿಸತೊಡಗಿತು.

"ಅದು ಸಣ್ಣದು, ಈ ಕಡೆ ಹಾಕ್ರಿ" ಅಂದ ಮುಸ್ತಾಕ್.

ಚಹಾ ಬಂತು. ಕುಡಿಯುತ್ತ ಯುವರಾಜ ಕೇರಳದ ಕ್ಲಬ್ಬಿನ ವಿಷಯ ತೆಗೆದ. "ನಾ ಅಲ್ಲಿ ಹೋಗಬೇಕಂತ ಮಾಡೇನಿ. ಅವರಿಗೆ ರೈಟ್ ಬ್ಯಾಕ್ ಬೇಕಾಗ್ಯಾನ. ನಿನ್ನ ಕರಕೊಂಡು ಬರತೇನಿ, ಎರಡು ವಾರ ನೋಡ್ರಿ ಅಂತ ಕೋಚ್‌ಗ ಹೇಳತೇನಿ. ತಗೊಳ್ಳೂದು ಬಿಡೂದು ಅವರದು. ಸಂಬಳ ಭಾಳ ಇಲ್ಲ."

"ನಿಮಗ ಭಾಳ ಇಲ್ಲ, ನನಗ ಐತಿ" ಅಂದ ಮುಸ್ತಾಕ್. "ಅಣ್ಣಾ, ಒಂದು ಮಾತು ಹೇಳ್ಲೇನು? ನೀವು ದುಡ್ಡು ಕಡಿಮಿ ಆದ್ರೂ ಆತು ಅನ್ನಬಹುದು. ನನಗ ಹಂಗ ಅನ್ನಾಕ ಆಗೂದಿಲ್ಲ. ನನಗ ದುಡ್ಡು ಬೇಕು. ತಂಗಿ ಹುಮಾ ನರ್ಸಿಂಗ್ ಓದಾಕತ್ತಾಳ, ಇನ್ನ ಎರಡು ವರ್ಷೈತಿ. ನಾ ಅದಕ್ಕ ಓಡತೇನಿ. ಅದರಾಗ ನನಗ ನಾಚಿಕಿಲ್ಲ."

"ನಾಚಿಕಿ ಯಾಕ ಬೇಕು? ನಾನೂ ಅದಕ್ಕ ಓಡಿದಾಂವ."

ಬಿಸ್ಮಿಲ್ಲಾಬಿಗೆ ಮಾತಿನ ಪೂರ್ತಿ ಅರ್ಥ ತಿಳಿಯಲಿಲ್ಲ. ಮಗ ಮತ್ತೆ ಆಡುತ್ತಾನೆಂಬುದಷ್ಟೇ ತಿಳಿಯಿತು. ಅವಳು ಯುವರಾಜನ ತಲೆಯ ಮೇಲೆ ಕೈಯಿಟ್ಟಳು. ಆ ಕೈಯನ್ನು ಹೊರುವ ಯೋಗ್ಯತೆ ತನಗಿಲ್ಲವೆಂದು ಅವನಿಗೆ ಅನ್ನಿಸಿತು. ಆದರೂ ತಲೆ ತಗ್ಗಿಸಿಯೇ ಇದ್ದ.

ಊರಿಗೆ ಹೊರಡುವ ಮೊದಲು ಅದೇ ಓಣಿಯ ತುದಿಯಲ್ಲಿ ಕಾರು ನಿಲ್ಲಿಸಿ ಎರಡು ಕೆಲಸ ಮಾಡಿದ. ಮುಂಬಯಿ ಬೇಡವೆಂದು ಏಜೆಂಟನಿಗೆ ಹೇಳಿದ. ಏಜೆಂಟ್ ಬೈದದ್ದನ್ನು ಕೇಳಿಕೊಂಡ. ಆಮೇಲೆ ತನ್ನ ಸಾವಿರಾರು ಅಭಿಮಾನಿಗಳು ಫೋನಿನಲ್ಲಿ ನೋಡುವ ಪುಟದಲ್ಲಿ ನಾಲ್ಕು ಸಾಲು ಬರೆದ: ಆ ಗೋಲಿಗೆ ಮುಸ್ತಾಕ್ ಕಾರಣನಲ್ಲ, ನಾನು ಹಿಡಿಯಬೇಕಾದವನನ್ನು ಬಿಟ್ಟೆ, ಇಷ್ಟು ದಿನ ಹೇಳದೆ ಇದ್ದದ್ದು ಅದಕ್ಕಿಂತ ದೊಡ್ಡ ತಪ್ಪು. ಜನ ಉಗಿದರು, ಕೆಲವರು ಹೊಗಳಿದರು. ಅವನು ಎರಡನ್ನೂ ಹೆಚ್ಚು ಓದಲಿಲ್ಲ.

ಬ್ಯಾಡಗಿಗೆ ಬಂದಾಗ ಮೂರು ಗಂಟೆ. ಮನೆಗೆ ಮತ್ತೆ ಬೀಗ. ಈ ಸಲ ಜೈತೂನಬಿಯನ್ನು ಕೇಳಬೇಕಾಗಲಿಲ್ಲ. ಗೋದಾಮಿನ ಬಾಗಿಲಲ್ಲಿ ಅವನು ಕಂಡೊಡನೆ ಮಂಗಳವ್ವ ಕೂತಲ್ಲೇ ಬಿಗಿಯಾದಳು. ಅವನು ಚಪ್ಪಲಿ ಬಿಟ್ಟು ಒಳಗೆ ಬಂದು ಅವ್ವನ ಪಕ್ಕ ನೆಲದ ಮೇಲೆ ಕೂತ.

"ನಿನ್ನೆ ನಿಮ್ಮೆಲ್ಲಾರ ಮುಂದ ಅವ್ವಗ ಬೈದೆ. ತಪ್ಪಾತ್ರಿ" ಅಂದ.

ಒಬ್ಬ ಮುದುಕಿ, "ತಪ್ಪಾದ್ರ ಬರೇ ಬಾಯಿಲೆ ಹೇಳಿದ್ರ ಹೆಂಗೋ? ಒಂದು ಬುಟ್ಟಿ ತೊಟ್ಟು ಬಿಡಿಸು" ಅಂದಳು.

ಬಿಡಿಸಿದ. ಅವನ ಕೈಯಲ್ಲಿ ಕಾಯಿ ಮುರಿಯುತ್ತಿದ್ದವು, ಬೀಜ ಚೆಲ್ಲುತ್ತಿದ್ದವು. ಮಂಗಳವ್ವ ಅವನ ಬೆರಳು ಹಿಡಿದು, ಎಲ್ಲಿ ಒತ್ತಬೇಕು, ಎಲ್ಲಿ ತಿರುಗಿಸಬೇಕು ಎಂದು ತೋರಿಸಿದಳು. ಅರ್ಧ ಬುಟ್ಟಿಯಾಗುವಷ್ಟರಲ್ಲಿ ಅವನ ಕೈ ಉರಿಯತೊಡಗಿ, ಸೀನಿ ಸೀನಿ ಮೂಗು ಕೆಂಪಾಗಿ, ಹೆಂಗಸರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ಗದ್ದಲದ ನಡುವೆಯೇ ಅವನು ಅವ್ವನಿಗೆ ಕೇರಳದ ಸುದ್ದಿ ಹೇಳಿದ.

"ಕಡಿಮಿ ಕೊಡತಾರಂತೇನು?"

"ಹೂಂ. ಭಾಳ ಕಡಿಮಿ."

"ಸಾಕಾಗತೈತೇನು?"

"ಸಾಕಾಗತೈತಿ."

"ಹಂಗಾದ್ರ ಹೋಗು" ಅಂದಳು, ಇನ್ನೊಂದು ಹಿಡಿ ಕಾಯಿ ಮಡಿಲಿಗೆ ಸುರಿದುಕೊಳ್ಳುತ್ತ.

ಜೂನ್ ತಿಂಗಳಲ್ಲಿ ಇಬ್ಬರೂ ರೈಲು ಹತ್ತಿದರು. ಎರಡು ವಾರದ ಪರೀಕ್ಷೆ ನಾಲ್ಕು ವಾರಕ್ಕೆ ಬೆಳೆದು ಕೊನೆಗೆ ಮುಸ್ತಾಕನಿಗೆ ಒಂದು ವರ್ಷದ ಕಾಂಟ್ರಾಕ್ಟು ಸಿಕ್ಕಿತು. ಯುವರಾಜನ ಹಳೆಯ ಹಸಿವು ಮರಳಿ ಬಂತೆಂದು ಹೇಳಲಾಗದು. ಕೆಲವು ಬೆಳಿಗ್ಗೆ ಏಳಲು ಮನಸ್ಸೇ ಆಗುತ್ತಿರಲಿಲ್ಲ. ಆದರೆ ಮೈದಾನಕ್ಕೆ ಇಳಿದಾಗ ಬಲಗಡೆ ನೋಡುತ್ತಿದ್ದ, ಅಲ್ಲಿ ಮುಸ್ತಾಕ್ ಇರುತ್ತಿದ್ದ. ಅಷ್ಟು ಸಾಕಾಗುತ್ತಿತ್ತು.

ಮೂರನೇ ಪಂದ್ಯ. ಮಳೆ ಬಂದು ನಿಂತ ಮೈದಾನ, ಸುಮಾರು ಎರಡು ಸಾವಿರ ಜನ. ಎಪ್ಪತ್ತನೇ ನಿಮಿಷದಲ್ಲಿ ಮುಂದೆ ಹೋಗಿದ್ದ ಮುಸ್ತಾಕ್ ಜಾರಿ ಬಿದ್ದು ಚೆಂಡು ಬಿಟ್ಟುಕೊಟ್ಟ. ಎದುರಾಳಿ ಖಾಲಿ ಬಿದ್ದ ಬಲಗಡೆಯಲ್ಲಿ ಓಡಿದ. ಯುವರಾಜ ಯೋಚಿಸಲಿಲ್ಲ. ಅರವತ್ತು ಗಜ ಓಡಿ, ಕೊನೆಗೆ ಕೆಸರಿನಲ್ಲಿ ಜಾರುತ್ತಲೇ ಕಾಲು ಚಾಚಿ ಚೆಂಡನ್ನು ಗೆರೆಯ ಹೊರಗೆ ತಳ್ಳಿದ. ಹಿಂದಿನಿಂದ ಓಡಿಬಂದ ಮುಸ್ತಾಕನೂ ಜಾರಿ ಅವನ ಮೇಲೆಯೇ ಬಿದ್ದ. ಇಬ್ಬರೂ ಕೆಸರಲ್ಲಿ ಒಬ್ಬರ ಮೇಲೊಬ್ಬರು ಬಿದ್ದಿದ್ದರು.

"ಅಣ್ಣಾ, ಯಾವ ಕಡೆಯಿಂದ ಇಷ್ಟ್ ಲಗೂ ಬಂದ್ರಿ?" ಅಂದ ಮುಸ್ತಾಕ್, ಏದುಸಿರಲ್ಲಿ.

"ನನಗೂ ತಿಳೀಲಿಲ್ಲೋ. ಎದಿ ಹೊಡಕೊಳ್ಳಾಕತ್ತೈತಿ, ಮೊದಲ ನನ್ನ ಮ್ಯಾಲಿಂದ ಏಳು!"

ತಮ್ಮ ತಂಡದ ಮಲಯಾಳಿ ಗೋಲ್‌ಕೀಪರ್ ಓಡಿಬಂದು ಯಾರಿಗೆ ಪೆಟ್ಟಾಯಿತೆಂದು ಕೈಸನ್ನೆಯಲ್ಲಿ ಕೇಳಿದ. ಮಾತಾಡಲು ಉಸಿರಿಲ್ಲದೆ ನಗುತ್ತಿದ್ದ ಇಬ್ಬರನ್ನೂ ಒಂದೊಂದು ಕೈಯಿಂದ ಎಳೆದು ಎಬ್ಬಿಸಿ ನಿಲ್ಲಿಸಿದ.